ಅಂಗಳದ ಗಿಡಗಳಿಗೆ ಜಲ್ಲಿಯ ಹೊದಿಕೆ

ಈ ಹೊತ್ತು ನಾವು ಶ್ರೋತೃಗಳ ಮುಂದೆ ಇಡಲು ಆರಿಸಿಕೊಂಡಿರುವುದು ಬಹು ಸಣ್ಣ ವಿಷಯ. ಮನೆಯ ಅಂಗಳದಲ್ಲಿ ನಾಲ್ಕಾರು ಗಿಡಗಳನ್ನು ಇಟ್ಟುಕೊಂಡವರು ಅವುಗಳ ಬುಡದ ನೆಲಕ್ಕೆ ಜಲ್ಲಿಯನ್ನು ಹೊದಿಸುವುದರಿಂದ ಏನು ಪ್ರಯೋಜನ, ಹೊದಿಸುವ ಕ್ರಮ ಯಾವುದು, ಎಲ್ಲಿ ಹೊದಿಸಬಾರದು ಎಂಬುದಷ್ಟೆ. ವಿಷಯ ಸಣ್ಣದಾದರೂ ನಾವಿರುವ ಚಿಂತಾಮಣಿಯಂಥ ಊರಿನಲ್ಲಿ ಅದು ನೀರಿನ ಲೆಕ್ಕಕ್ಕೆ ಸೇರಿದುದು. ನೀರಿನ ಲೆಕ್ಕವೆಂದ ಮೇಲೆ ಈ ಸೀಮೆಯಲ್ಲಿ ಸಣ್ಣದೆಂಬುದು ಯಾವುದೂ ಇಲ್ಲ.

ಚಿಂತಾಮಣಿಯ ಸುತ್ತಿನ ನೆಲವನ್ನು ಬಲ್ಲವರಿಗೆ ಇಲ್ಲಿನ ಸ್ಥಿತಿಯನ್ನು ವಿವರಿಸಿ ಹೇಳಬೇಕಾದುದಿಲ್ಲ. ಮಳೆ ವರ್ಷಕ್ಕೆ ಮೂವತ್ತು ಅಂಗುಲದ ಆಸುಪಾಸು. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರು ಅಕ್ಟೋಬರು ತಿಂಗಳುಗಳಲ್ಲಿಯೇ ಬಿದ್ದುಹೋಗುತ್ತದೆ. ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿ ಒಂದೂ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಇವೆಲ್ಲ ನಂದಿಯ ಬೆಟ್ಟಸಾಲಿನ ಕಡೆಯಲ್ಲಿ ಹುಟ್ಟುವುದೇನೋ ನಿಜ. ಹುಟ್ಟಿದ ಊರಿಗೆ ನೀರನ್ನು ಉಳಿಸದೆ ಹೊರಟುಹೋಗುವ ಮಕ್ಕಳು ಅವು. ಹಿರಿಯರು ಕಟ್ಟಿದ ಕೆರೆಗಳ ಸರಣಿಯೇ ಈ ಸೀಮೆಯ ಆಧಾರವಾಗಿದ್ದಿತು. ಕೆರೆಗಳು ಹೂಳು ತುಂಬಿದ ಮೇಲೆ ಜನರು ಕೊಳವೆಬಾವಿಗಳನ್ನು ನೆಚ್ಚಿದರು. ಇಂದು ಸಾವಿರ ಅಡಿ ಕೊರೆದರೂ ನೀರು ಕಾಣದ ಬಾವಿಗಳು ಉಂಟು. ಕಂಡ ನೀರಿನಲ್ಲಿ ಫ್ಲೋರೈಡು ಮಿಕ್ಕಿರುವ ಬಾವಿಗಳೂ ಉಂಟು. 2018ರಿಂದ ಬೆಂಗಳೂರಿನ ಬಳಸಿದ ನೀರನ್ನು ಶುದ್ಧಿ ಮಾಡಿ, ಕೋರಮಂಗಲ–ಚಲ್ಲಘಟ್ಟದ ಕಣಿವೆಯಿಂದ ಕೋಲಾರ ಸೀಮೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ನೂರಾರು ಕೆರೆಗಳ ನಾಡು ನೆರೆಯ ಪಟ್ಟಣದ ಮೋರಿಯ ನೀರನ್ನು ಸೋಸಿ ತರಿಸಿಕೊಳ್ಳಬೇಕಾಗಿ ಬಂದಿತೆಂದರೆ, ಒಂದು ಬಿಂದಿಗೆಯ ಬೆಲೆ ಎಷ್ಟೆಂಬುದನ್ನು ಊಹಿಸಬಹುದು.

ಹೀಗಿರುವಲ್ಲಿ, ಬೇಸಗೆಯ ಒಂದು ಸಂಜೆ ಗಿಡಕ್ಕೆ ನೀರೆರೆಯುವ ಗೃಹಸ್ಥನಿಗೆ ಹಾಲಿನ ಲೋಟ ಚೆಲ್ಲಿದಂತೆ ಮನಸ್ಸು ಕುಗ್ಗುವುದು ಸಹಜ. ಸಂಜೆ ಎರೆದ ನೀರು ಮರುದಿನದ ಮಧ್ಯಾಹ್ನಕ್ಕೆ ಎಲ್ಲಿ ಹೋಯಿತೆಂದು ತಿಳಿಯದು. ಗಿಡ ಕುಡಿಯಿತೆ? ಕುಡಿದುದು ಸ್ವಲ್ಪ. ನೆಲ ಇಂಗಿಸಿಕೊಂಡಿತೆ? ಇಂಗಿದುದೂ ಸ್ವಲ್ಪವೇ. ಮಿಕ್ಕ ದೊಡ್ಡ ಪಾಲು ಬಂದ ದಾರಿಯಲ್ಲಿಯೇ ಹಿಂತಿರುಗಿ ಮೇಲಕ್ಕೆ ಬಂದು ಗಾಳಿಯ ಪಾಲಾಯಿತು.

ಇದು ಹೇಗೆಂಬುದನ್ನು ತಿಳಿಯಲು ದೇವರ ಮನೆಯ ದೀಪವನ್ನು ನೋಡಿದರೆ ಸಾಕು. ಎಣ್ಣೆ ಹಣತೆಯ ತಳದಲ್ಲಿದೆ. ಉರಿ ಬತ್ತಿಯ ತುದಿಯಲ್ಲಿದೆ. ಎಣ್ಣೆಯನ್ನು ಮೇಲಕ್ಕೆ ಎತ್ತುವವರು ಯಾರೂ ಇಲ್ಲ. ಆದರೂ ಬತ್ತಿಯ ಎಳೆಗಳ ನಡುವಣ ಅತಿ ಸಣ್ಣ ಸಂದುಗಳ ಮೂಲಕ ಅದು ತಾನಾಗಿ ಏರಿ, ಉರಿಯುವ ತುದಿಯನ್ನು ಮುಟ್ಟುತ್ತದೆ. ಶಾಸ್ತ್ರಜ್ಞರು ಇದನ್ನು ಕೇಶಾಕರ್ಷಣವೆಂದು ಕರೆಯುತ್ತಾರೆ. ಸಂದು ಕೂದಲಿನಂತೆ ಸಣ್ಣದಾದಷ್ಟೂ ದ್ರವವು ಎತ್ತರಕ್ಕೆ ಏರುತ್ತದೆ. ಸಂದು ದೊಡ್ಡದಾದರೆ ಏರುವ ಶಕ್ತಿ ಇಲ್ಲವಾಗುತ್ತದೆ. ನಮ್ಮ ಅಂಗಳದ ಕೆಂಪುಮಣ್ಣು ಇಂಥ ಒಂದು ದೊಡ್ಡ ಬತ್ತಿ. ಅದರ ಕಣಗಳ ನಡುವೆ ಲಕ್ಷಾಂತರ ಸಣ್ಣ ಸಂದುಗಳಿವೆ. ಕೆಳಗಿನ ತೇವ ಆ ದಾರಿಯಲ್ಲಿ ಮೇಲೇರುತ್ತದೆ. ಮೇಲೆ ಬಿಸಿಲೇ ಉರಿ.

ಬೇಸಗೆಯ ಒಂದು ದಿನ ಒದ್ದೆಯಾದ ಬರಿಯ ನೆಲದಿಂದ ಆರು ಮಿಲಿಮೀಟರಿನಷ್ಟು ನೀರು ಆವಿಯಾಗಿ ಹೋಗುತ್ತದೆಂದು ಇಟ್ಟುಕೊಳ್ಳೋಣ. ಇದು ನಮ್ಮ ಸೀಮೆಗೆ ಅತಿಶಯದ ಮಾತಲ್ಲ. ಹತ್ತಡಿ ಉದ್ದ ಹತ್ತಡಿ ಅಗಲದ ಒಂದು ಮಡಿಯಲ್ಲಿ ಆ ಆರು ಮಿಲಿಮೀಟರು ಸುಮಾರು 55 ಲೀಟರಾಗುತ್ತದೆ. ಅಂದರೆ ಹೆಚ್ಚು ಕಡಿಮೆ ನಾಲ್ಕು ಬಿಂದಿಗೆ. ಒಂದು ಮನೆಯ ಹೆಂಗಸು ಕೊಳಾಯಿಯ ಮುಂದೆ ಸರದಿಯಲ್ಲಿ ನಿಂತು ಹಿಡಿದು ತಂದ ನಾಲ್ಕು ಬಿಂದಿಗೆಯನ್ನು ಸೂರ್ಯದೇವನು ಒಂದೇ ಹಗಲಿನಲ್ಲಿ ಹೊತ್ತುಕೊಂಡು ಹೋಗುತ್ತಾನೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ನೆಲದ ಮೇಲ್ಪದರ ಒದ್ದೆಯಾಗಿರುವ ತನಕ ಮಾತ್ರ ಈ ನಷ್ಟ ಪೂರ್ಣವೇಗದಲ್ಲಿ ನಡೆಯುತ್ತದೆ. ಮೇಲಿನ ಒಂದೆರಡು ಅಂಗುಲ ಒಣಗಿತೆಂದರೆ, ಆ ಒಣಮಣ್ಣೇ ಕೆಳಗಿನ ತೇವಕ್ಕೆ ಮುಚ್ಚಳವಾಗಿ ನಷ್ಟದ ವೇಗವು ತಗ್ಗುತ್ತದೆ. ಆದುದರಿಂದ ದಿನದಿನವೂ ನೆಲದ ಮೇಲೆ ಸ್ವಲ್ಪ ಸ್ವಲ್ಪ ನೀರನ್ನು ಚಿಮುಕಿಸುವವನು ಬತ್ತಿಯ ತುದಿಯನ್ನು ಎಂದೂ ಆರಗೊಡದೆ, ನಷ್ಟವನ್ನು ಪ್ರತಿದಿನವೂ ಹೊಸದಾಗಿ ಆರಂಭಿಸಿ ಕೊಡುತ್ತಾನೆ. ಪಟ್ಟಣದ ಮನೆಗಳ ಅಂಗಳದಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ.

ಈ ತತ್ತ್ವವು ನಮ್ಮ ಒಕ್ಕಲುಮಕ್ಕಳಿಗೆ ಹೊಸದಲ್ಲ. ಸಾಲು ರಾಗಿಯ ಹೊಲದಲ್ಲಿ ಮಳೆ ಬಂದು ನೆಲ ಹದಕ್ಕೆ ಬಂದೊಡನೆ ರೈತನು ಸಾಲುಗಳ ನಡುವೆ ಎಡೆಕುಂಟೆ ಹೊಡೆಯುತ್ತಾನೆ. ಕಳೆ ಸಾಯುವುದು ಒಂದು ಲಾಭ. ಮೇಲ್ಮಣ್ಣು ಸಡಿಲವಾಗಿ, ತೇವ ಮೇಲೇರುವ ಸಣ್ಣ ದಾರಿಗಳು ಕಡಿದುಹೋಗುವುದು ಎರಡನೆಯ ಲಾಭ. ಕುಂಟೆಯ ಹಲಗು ನೆಲದೊಳಗಿನ ಬತ್ತಿಯನ್ನು ಕತ್ತರಿಸುತ್ತದೆ. ಆದರೆ ಮುಂದಿನ ಮಳೆಗೆ ಸಡಿಲಮಣ್ಣು ಮತ್ತೆ ಕೂಡಿಕೊಳ್ಳುವುದರಿಂದ ಮತ್ತೆ ಕುಂಟೆಯನ್ನು ಹೂಡಬೇಕು. ಜಲ್ಲಿಯ ಹೊದಿಕೆಯಾದರೋ ಒಮ್ಮೆ ಹಾಕಿದರೆ ಬಹುಕಾಲ ನಿಲ್ಲುವ ಕುಂಟೆಯ ಕೆಲಸ. ಕಲ್ಲು ಕಲ್ಲಿನ ನಡುವಣ ಸಂದುಗಳು ದೊಡ್ಡವು. ಅವುಗಳಲ್ಲಿ ನೀರು ಏರಲಾರದು. ಮಣ್ಣಿನ ತೇವವು ಜಲ್ಲಿಯ ಅಡಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಆವಿಯಾಗಿ, ನಿಂತ ಗಾಳಿಯ ಸಂದುಗಳಲ್ಲಿ ಮೆಲ್ಲಮೆಲ್ಲನೆ ಸುತ್ತಿ ಹೊರಗೆ ಹೋಗಬೇಕು. ಬಿಸಿಲೂ ಬೀಸುಗಾಳಿಯೂ ನೇರವಾಗಿ ಮಣ್ಣನ್ನು ಮುಟ್ಟಲಾರವು.

ಹೊದಿಕೆಯ ಎರಡನೆಯ ಉಪಕಾರವು ಮಳೆಗಾಲಕ್ಕೆ ಸಂಬಂಧಪಟ್ಟದ್ದು. ಕೆಂಪುಮಣ್ಣಿನ ಬರಿಯ ನೆಲದ ಮೇಲೆ ದಪ್ಪ ಹನಿಗಳು ಬಡಿದಾಗ ಮಣ್ಣಿನ ಹೆಂಟೆಗಳು ಒಡೆದು, ನುಣುಪಾದ ಕಣಗಳು ಸಂದುಗಳನ್ನು ಮುಚ್ಚಿ, ಬಿಸಿಲು ಬಿದ್ದೊಡನೆ ಮೇಲೊಂದು ಹಪ್ಪಳ ಕಟ್ಟಿಕೊಳ್ಳುತ್ತದೆ. ಮುಂದಿನ ಮಳೆ ಆ ಹಪ್ಪಳದ ಮೇಲೆ ಜಾರಿ, ಮಣ್ಣನ್ನೂ ಕೂಡಿಕೊಂಡು, ಬೀದಿಯ ಚರಂಡಿಗೆ ಸೇರುತ್ತದೆ. 2021ರ ನವೆಂಬರಿನಲ್ಲಿ ನಮ್ಮ ಸೀಮೆಯಲ್ಲಿ ಸುರಿದ ಭಾರಿ ಮಳೆಯನ್ನು ಮರೆತವರಿಲ್ಲ. ಕೆರೆಗಳು ಕೋಡಿ ಬಿದ್ದುವು, ಬೀದಿಗಳು ಹೊಳೆಗಳಾದುವು. ಆ ಹೊಳೆಯ ಬಣ್ಣ ಕೆಂಪಾಗಿದ್ದಿತು. ಅದು ನಮ್ಮ ಹೊಲ ಹಿತ್ತಲುಗಳ ಮೇಲ್ಮಣ್ಣು. ಜಲ್ಲಿ ಹೊದಿಸಿದ ಕಡೆ ಹನಿಯ ಪೆಟ್ಟನ್ನು ಕಲ್ಲು ತಾಳಿಕೊಳ್ಳುತ್ತದೆ. ಪೆಟ್ಟು ಕಳೆದುಕೊಂಡ ನೀರು ಸಂದುಗಳಲ್ಲಿ ಇಳಿದು, ಕೆಳಗಿನ ಸಡಿಲಮಣ್ಣಿನಲ್ಲಿ ಸಾವಕಾಶವಾಗಿ ಇಂಗುತ್ತದೆ.

ನಾವು ನಮ್ಮ ಅಂಗಳದಲ್ಲಿ ಮೊದಲ ಬಾರಿ ಈ ಕೆಲಸಕ್ಕೆ ಕೈಹಾಕಿದಾಗ ನೆರೆಮನೆಯ ಅಜ್ಜಿಯವರು ಗೇಟಿನ ಬಳಿ ನಿಂತು, “ಏನು ಮೇಷ್ಟ್ರೇ, ಜನ ಹೊಲದಾಗಿನ ಕಲ್ಲು ಆಯ್ದು ಹೊರಕ್ಕೆ ಹಾಕ್ತಾರೆ, ನೀವು ದುಡ್ಡು ಕೊಟ್ಟು ಒಳಕ್ಕೆ ಹಾಕ್ತೀರಲ್ಲ!” ಎಂದರು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಸಮಾಧಾನವು ದೂರದ ಎರಡು ದೇಶಗಳಲ್ಲಿ ದೊರೆಯುತ್ತದೆ.

ಅಟ್ಲಾಂಟಿಕ್ ಸಾಗರದ ಕೆನರಿ ದ್ವೀಪಗಳಲ್ಲಿ ಲಾಂಜರೋಟೆ ಎಂಬುದೊಂದು ದ್ವೀಪ. 1730ರಿಂದ 1736ರವರೆಗೆ ಅಲ್ಲಿನ ಅಗ್ನಿಪರ್ವತಗಳು ಉರಿದು, ಒಳ್ಳೆಯ ಬೇಸಾಯದ ನೆಲದ ಮೇಲೆ ಕಪ್ಪು ಹರಳುಗಳನ್ನು ಸುರಿದುವು. ಜನರು ತಮ್ಮ ಬಾಳು ಮುಗಿಯಿತೆಂದು ತಿಳಿದರು. ಕೆಲವು ಕಾಲದ ಮೇಲೆ ನೋಡಿದರೆ, ಹರಳಿನ ಪದರ ತೆಳುವಾಗಿದ್ದ ಕಡೆಗಳಲ್ಲಿ ಗಿಡಗಳು ಮೊದಲಿಗಿಂತ ಹುಲುಸಾಗಿ ಬೆಳೆಯುತ್ತಿದ್ದುವು. ಅಲ್ಲಿನ ಮಳೆ ವರ್ಷಕ್ಕೆ ಆರು ಅಂಗುಲದ ಆಸುಪಾಸು ಮಾತ್ರ. ನಮ್ಮ ಚಿಂತಾಮಣಿಯ ಐದನೆಯ ಒಂದು ಪಾಲು. ಆ ಮಳೆಯಲ್ಲಿಯೇ, ಆ ಹರಳಿನ ಹೊದಿಕೆಯ ಅಡಿಯಲ್ಲಿಯೇ, ಹಳ್ಳ ತೋಡಿ ನೆಟ್ಟ ದ್ರಾಕ್ಷಿಯ ಬಳ್ಳಿಗಳು ಇಂದಿಗೂ ಫಲ ಕೊಡುತ್ತಿವೆ.

ಚೀನಾ ದೇಶದ ಕಾನ್ಸು ಪ್ರಾಂತದಲ್ಲಿ, ಲಾಂಜೌ ಪಟ್ಟಣದ ಸುತ್ತಿನ ಒಣಭೂಮಿಯಲ್ಲಿ, ರೈತರು ಹಲವು ಶತಮಾನಗಳಿಂದ ಹೊಲಗಳಿಗೆ ನಾಲ್ಕೈದು ಅಂಗುಲ ದಪ್ಪದಲ್ಲಿ ಹರಳುಕಲ್ಲನ್ನೂ ಮರಳನ್ನೂ ಹೊದಿಸಿ ಕರಬೂಜದ ಜಾತಿಯ ಹಣ್ಣುಗಳನ್ನು ಬೆಳೆಯುತ್ತ ಬಂದಿದ್ದಾರೆ. ಈ ಹೊಲಗಳ ವಿಷಯದಲ್ಲಿ ಅವರಲ್ಲಿ ಒಂದು ನಾಣ್ಣುಡಿ ಉಂಟು: ಕಲ್ಲು ಹೊತ್ತು ಹಾಕಿದವನಿಗೆ ದುಡಿಮೆ, ಅವನ ಮಗನಿಗೆ ಸಂಪತ್ತು, ಮೊಮ್ಮಗನಿಗೆ ಬಡತನ ಎಂಬ ಅಭಿಪ್ರಾಯದ್ದು. ಕೊನೆಯ ಮಾತಿಗೆ ಕಾರಣವಿದೆ. ಹಲವು ದಶಕಗಳ ಉಳುಮೆಯಲ್ಲಿ ಮಣ್ಣು ಮೇಲೆ ಬಂದು ಕಲ್ಲಿನೊಡನೆ ಬೆರೆತುಹೋಗುತ್ತದೆ. ಸಂದುಗಳು ತುಂಬಿ, ಕಡಿದ ಬತ್ತಿ ಮತ್ತೆ ಕೂಡಿಕೊಳ್ಳುತ್ತದೆ. ಬೆರೆತ ಕಲ್ಲನ್ನು ಬೇರ್ಪಡಿಸುವುದು ಹೊಸದಾಗಿ ಹಾಕುವುದಕ್ಕಿಂತ ಕಷ್ಟ. ಈ ನಾಣ್ಣುಡಿಯಲ್ಲಿ ನಮಗೆ ಬೇಕಾದ ಉಪದೇಶವೆಲ್ಲ ಅಡಗಿದೆ. ಜಲ್ಲಿಯ ಗುಣವೆಲ್ಲ ಅದರ ಸಂದುಗಳಲ್ಲಿರುವುದು. ಸಂದು ತುಂಬಿದರೆ ಗುಣ ಕೆಟ್ಟಿತು.

ನಾವು ಈ ಉಪದೇಶವನ್ನು ಪುಸ್ತಕದಿಂದಲ್ಲ, ನಷ್ಟಪಟ್ಟು ಕಲಿತೆವು. ಮೊದಲ ಸಲ ಒಬ್ಬ ವ್ಯಾಪಾರಿಯಿಂದ ಅಗ್ಗಕ್ಕೆ ದೊರೆಯಿತೆಂದು, ಕ್ರಷರಿನಿಂದ ಬಂದ ಪುಡಿ ಬೆರೆತ ಜಲ್ಲಿಯನ್ನು ಜರಡಿ ಹಿಡಿಯದೆ ನಿಂಬೆಯ ಗಿಡದ ಸುತ್ತ ಹರಡಿದೆವು; ಬುಡವನ್ನೂ ಬಿಡದೆ ಕಾಂಡಕ್ಕೆ ಒತ್ತಿ ಹಾಕಿದೆವು. ಎರಡು ಮಳೆ ಬೀಳುವುದರೊಳಗಾಗಿ ಪುಡಿಯು ಕೆಳಗಿಳಿದು ಗಟ್ಟಿಯಾಗಿ, ಗಾರೆಯ ನೆಲದಂತಾಯಿತು. ಎರೆದ ನೀರು ಮೇಲೆಯೇ ನಿಂತಿತು. ಕಾಂಡದ ತೊಗಟೆ ತೇವಕ್ಕೆ ಕೊಳೆತು ಮರುವರ್ಷ ಗಿಡ ಹೋಯಿತು. ಅಜ್ಜಿಯವರು ಏನೂ ಹೇಳಲಿಲ್ಲ, ಹೇಳಿದ್ದರೆ ವಾಸಿಯಾಗಿತ್ತು.

ಇನ್ನು ಹೊದಿಸುವ ಕ್ರಮ. ಜಲ್ಲಿಯು ಅರ್ಧ ಇಂಚಿನಿಂದ ಮುಕ್ಕಾಲು ಇಂಚಿನದಾಗಿರಲಿ. ಇದಕ್ಕಿಂತ ಸಣ್ಣದಾದರೆ ಮಣ್ಣಿನೊಡನೆ ಬೇಗ ಬೆರೆಯುತ್ತದೆ; ದೊಡ್ಡದಾದರೆ ಗಾಳಿಯೂ ಬಿಸಿಲೂ ಒಳನುಗ್ಗುತ್ತವೆ. ಜರಡಿ ಹಿಡಿದು, ಒಂದು ಸಲ ನೀರಿನಲ್ಲಿ ತೊಳೆದು ಪುಡಿಯನ್ನು ಕಳೆಯಬೇಕು; ತೊಳೆದ ನೀರನ್ನು ತಿಳಿಯಾಗಲು ಬಿಟ್ಟು ಬೇರೆ ಗಿಡಕ್ಕೆ ಎರೆಯಬಹುದು. ನಮ್ಮ ಸೀಮೆಯ ಬೂದುಬಣ್ಣದ ಬೆಣಚುಬೆರೆತ ಕಲ್ಲು ಇದಕ್ಕೆ ಒಳ್ಳೆಯದು: ಕಪ್ಪುಕಲ್ಲಿನಷ್ಟು ಕಾಯುವುದಿಲ್ಲ, ಸುಣ್ಣಕಲ್ಲಿನಂತೆ ಮಣ್ಣಿನ ಗುಣವನ್ನು ಮಾರ್ಪಡಿಸುವುದೂ ಇಲ್ಲ.

ಹೊದಿಸುವ ಮುನ್ನ ಗರಿಕೆ ಜೇಕುಗಳನ್ನು ಗೆಡ್ಡೆಸಹಿತ ಅಗೆದು ತೆಗೆಯಬೇಕು. ಜೇಕು ಜಲ್ಲಿಗೆ ಹೆದರುವ ಪ್ರಾಣಿಯಲ್ಲ. ಬಳಿಕ ಕೊಳೆತ ಕೊಟ್ಟಿಗೆಗೊಬ್ಬರವನ್ನು ಮಣ್ಣಿನಲ್ಲಿ ಬೆರೆಸಿ, ಗಿಡದ ಸುತ್ತ ಸ್ವಲ್ಪ ತಗ್ಗಾದ ಪಾತಿಯನ್ನು ಮಾಡಿ, ನೆಲವನ್ನು ಒಂದೂವರೆ ಅಡಿಯ ತನಕ ಚೆನ್ನಾಗಿ ನೆನೆಸಬೇಕು. ಒಣನೆಲಕ್ಕೆ ಹೊದಿಸಿದರೆ ಹೊದಿಕೆಯು ಒಣಗನ್ನೇ ಕಾಯುತ್ತದೆ. ಆದುದರಿಂದ ಅಕ್ಟೋಬರಿನ ಮಳೆಗಳು ಮುಗಿದ ಕೂಡಲೇ ಈ ಕೆಲಸಕ್ಕೆ ತಕ್ಕ ಕಾಲ. ಜಲ್ಲಿಯ ದಪ್ಪ ಎರಡರಿಂದ ಮೂರು ಅಂಗುಲವಿರಲಿ. ಕಾಂಡದ ಸುತ್ತ ನಾಲ್ಕೈದು ಅಂಗುಲ ಬರಿದಾಗಿ ಬಿಡಬೇಕು. ಹೊರಗಡೆ ಜಾರಿಹೋಗದಂತೆ ಇಟ್ಟಿಗೆಯನ್ನೋ ಅಂಚುಗಲ್ಲನ್ನೋ ನಿಲ್ಲಿಸಬೇಕು. ಕೆಲವರು ಜಲ್ಲಿಯ ಅಡಿಗೆ ಪ್ಲಾಸ್ಟಿಕ್ ಹಾಳೆಯನ್ನು ಹಾಸುತ್ತಾರೆ. ಅದು ಮಳೆನೀರನ್ನೂ ಬೇರಿಗೆ ಬೇಕಾದ ಗಾಳಿಯನ್ನೂ ತಡೆಯುವುದರಿಂದ ಹಾಸದಿರುವುದೇ ಲೇಸು.

ಲೆಕ್ಕವನ್ನೂ ಹೇಳಿಬಿಡೋಣ. ಹತ್ತಡಿ ಚೌಕದ ಮಡಿಗೆ ಎರಡಂಗುಲ ದಪ್ಪ ಹೊದಿಸಲು ಸುಮಾರು 17 ಘನಅಡಿ ಜಲ್ಲಿ ಬೇಕು; ತೂಕದಲ್ಲಿ 700 ಕಿಲೋಗ್ರಾಮಿನ ಸಮೀಪ. ಆದರೆ ಅಂಗಳಕ್ಕೆಲ್ಲ ಹೊದಿಸುವ ಅಗತ್ಯವೇನೂ ಇಲ್ಲ. ಗಿಡದಿಂದ ಎಲ್ಲ ಕಡೆಗೂ ಎರಡಡಿ ದೂರಕ್ಕೆ ಹೊದಿಸಿದರೆ ಒಂದು ಗಿಡಕ್ಕೆ ಎರಡು ಘನಅಡಿ ಸಾಕು.

ಹೊದಿಸಿದ ಮೇಲೆ ನೀರೆರೆಯುವ ರೂಢಿಯನ್ನೂ ಬದಲಾಯಿಸಬೇಕು. ದಿನವೂ ಒಂದು ಚೆಂಬು ಚಿಮುಕಿಸಿದರೆ ಅದು ಕಲ್ಲನ್ನು ಮಾತ್ರ ನೆನೆಸಿ ಆವಿಯಾಗಿ ಹೋಗುತ್ತದೆ. ತುಂತುರುಮಳೆಯ ಗತಿಯೂ ಇದೇ, ಇದು ಹೊದಿಕೆಯ ಒಂದು ದೋಷವೆಂದು ಒಪ್ಪಿಕೊಳ್ಳಬೇಕು. ನಾಲ್ಕು ದಿನದ ನೀರನ್ನು ಒಂದು ದಿನ ಒಟ್ಟಿಗೆ, ಸಂಜೆಯ ಹೊತ್ತು, ಬುಡದ ಪಾತಿಗೆ ಎರೆಯಬೇಕು. ಮತ್ತೆ ಎಂದು ಎರೆಯಬೇಕೆಂಬುದನ್ನು ಪಂಚಾಂಗ ನೋಡಿ ನಿಶ್ಚಯಿಸಬೇಕಾದುದಿಲ್ಲ. ಜಲ್ಲಿಯನ್ನು ಸರಿಸಿ ಬೆರಳನ್ನು ಮಣ್ಣಿಗೆ ಊರಿದರೆ ಬೆರಳೇ ಹೇಳುತ್ತದೆ.

ಈ ಹೊದಿಕೆ ಎಲ್ಲ ಗಿಡಕ್ಕೂ ಸಲ್ಲದು. ಒಂದೆಡೆ ನೆಲೆನಿಂತು ಬಾಳುವ ದಾಸವಾಳ, ಮಲ್ಲಿಗೆ, ಕರಿಬೇವು, ದಾಳಿಂಬೆ, ಸೀಬೆ, ನಿಂಬೆ ಇಂಥವಕ್ಕೆ ಅದು ಸಲ್ಲುತ್ತದೆ. ಕೊತ್ತಂಬರಿ, ಮೆಂತ್ಯ, ದಂಟು ಮುಂತಾದ ಸೊಪ್ಪಿನ ಮಡಿಗಳಿಗೆ ಹಾಕಬಾರದು. ಅವುಗಳ ನೆಲವನ್ನು ವರ್ಷಕ್ಕೆ ಹಲವು ಸಲ ಅಗೆಯಬೇಕಾಗುವುದರಿಂದ ಲಾಂಜೌವಿನ ಮೊಮ್ಮಗನ ಪಾಡು ನಮಗೆ ಎರಡೇ ವರ್ಷದಲ್ಲಿ ಬಂದೀತು. ಅಂಥ ಮಡಿಗಳಿಗೆ ಒಣಗಿದ ಎಲೆಯೋ ಹುಲ್ಲೋ ಒಳ್ಳೆಯ ಹೊದಿಕೆ. ಎಲೆಯ ಹೊದಿಕೆ ಕೊಳೆತು ಗೊಬ್ಬರವಾಗುತ್ತದೆ. ಕಲ್ಲು ಎಷ್ಟು ವರ್ಷ ಕಳೆದರೂ ಗಿಡಕ್ಕೆ ಒಂದು ತುತ್ತು ಅನ್ನವನ್ನು ಕೊಡದು. ಎಲೆಯನ್ನು ಗೆದ್ದಲು ತಿನ್ನುತ್ತದೆ, ಗಾಳಿ ಹಾರಿಸುತ್ತದೆ. ಕಲ್ಲಿಗೆ ಆ ಭಯವಿಲ್ಲ. ಎರಡಕ್ಕೂ ಅದರದರ ಸ್ಥಾನವುಂಟು. ಜಲ್ಲಿ ಹಾಕಿದ ಗಿಡಕ್ಕೆ ವರ್ಷಕ್ಕೊಮ್ಮೆ ಕಲ್ಲನ್ನು ಪಕ್ಕಕ್ಕೆ ಸರಿಸಿ, ಗೊಬ್ಬರ ಕೊಟ್ಟು, ಕಲ್ಲಿನಲ್ಲಿ ಸೇರಿದ ದೂಳನ್ನೂ ಎಲೆಯನ್ನೂ ಜಾಲಿಸಿ ಮತ್ತೆ ಹರಡಬೇಕು. ಪಡುವಣ ಗೋಡೆಯ ಮಗ್ಗುಲಲ್ಲಿ, ಸಂಜೆಯ ಬಿಸಿಲು ಬಡಿಯುವಲ್ಲಿ, ಕಲ್ಲು ಕಾದು ಎಳೆಯ ಸಸಿಯನ್ನು ಬಾಡಿಸುವುದುಂಟು. ಅಲ್ಲಿ ಗಿಡ ತನ್ನ ಬುಡಕ್ಕೆ ತಾನೇ ನೆರಳು ಕೊಡುವಷ್ಟು ಬೆಳೆಯುವ ತನಕ ಕಾಯಬೇಕು. ಎಲೆಗಳ ಮೂಲಕ ಗಿಡ ತಾನೇ ಹೊರಬಿಡುವ ನೀರನ್ನು ಯಾವ ಹೊದಿಕೆಯೂ ತಡೆಯಲಾರದೆಂಬುದೂ ನೆನಪಿರಲಿ. ಉಳಿಯುವುದು ನೆಲದ ಮುಖದಿಂದ ಹೋಗುತ್ತಿದ್ದ ಪಾಲು ಮಾತ್ರ.

ಜಲ್ಲಿಗೂ ಒಂದು ಬೆಲೆಯಿದೆಯೆಂಬುದನ್ನು ಮರೆಯುವಂತಿಲ್ಲ. ಅದು ನಮ್ಮ ಬೆಟ್ಟಗುಡ್ಡಗಳನ್ನು ಸಿಡಿಸಿ ತಂದ ಪದಾರ್ಥ. 2021ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಕಲ್ಲುಗಣಿಯ ಸ್ಫೋಟಕಗಳು ಸಿಡಿದು ಆರು ಮಂದಿ ಸತ್ತರು. ಗಣಿಯ ಸುತ್ತಿನ ಊರುಗಳವರು ದೂಳನ್ನು ಉಂಡು ಉಸಿರಾಡುವುದು ದಿನದ ಮಾತು. ಅಂಗಳವನ್ನು ಸಿಂಗರಿಸುವುದಕ್ಕಾಗಿ ಲಾರಿಗಟ್ಟಲೆ ಜಲ್ಲಿಯನ್ನು ತರಿಸುವುದು ನಮಗೆ ಒಪ್ಪಿಗೆಯಲ್ಲ. ಮನೆ ಕಟ್ಟಿದ ಕಡೆಯೆಲ್ಲ ಒಂದೆರಡು ಬಾಂಡ್ಲಿ ಜಲ್ಲಿ ಮಿಕ್ಕು ಬೀದಿಯಲ್ಲಿ ಬಿದ್ದಿರುತ್ತದೆ. ಒಡೆದ ಹೆಂಚು, ಇಟ್ಟಿಗೆಯ ಚೂರುಗಳೂ ಇರುತ್ತವೆ. ಒಡೆಯರನ್ನು ಕೇಳಿ ತಂದರೆ ನಾಲ್ಕು ಗಿಡಗಳಿಗೆ ಸಾಕಾದೀತು. ಕೆರೆಯ ಅಂಗಳದ, ಹೊಳೆಯ ಪಾತ್ರದ ಮರಳನ್ನೂ ಹರಳನ್ನೂ ಮಾತ್ರ ಮುಟ್ಟಬಾರದು. ಅಲ್ಲಿ ಅವು ನಮ್ಮೆಲ್ಲರ ಪರವಾಗಿ ನೀರನ್ನು ಇಂಗಿಸುತ್ತಿವೆ.

ಈಚೆಗೆ ಪಟ್ಟಣದಲ್ಲಿ ಹೊಸ ಮನೆ ಕಟ್ಟಿದವರು ಕೆಸರಾಗುವುದೆಂದು ಅಂಗಳವನ್ನೆಲ್ಲ ಗೇಟಿನ ತನಕ ಸಿಮೆಂಟಿನಿಂದ ಮುಚ್ಚಿಬಿಡುತ್ತಾರೆ. ಕೆಸರಿನ ಬಾಧೆಯೇನೋ ತಪ್ಪುತ್ತದೆ. ಅದರೊಡನೆ ಸೂರಿನಿಂದ ಇಳಿದ ಮಳೆನೀರು ಒಂದು ಹನಿಯೂ ನಿಲ್ಲದೆ ಬೀದಿಗೆ ಹೋಗುತ್ತದೆ, ಅಂಗಳದ ಗಿಡಕ್ಕೆ ಉಸಿರು ಕಟ್ಟುತ್ತದೆ. ನಡೆದಾಡುವ ದಾರಿಗೆ ಕಲ್ಲುಚಪ್ಪಡಿಯನ್ನು ಹಾಸಿ, ಮಿಕ್ಕ ಕಡೆ ಗಿಡ ನೆಟ್ಟು, ಅವುಗಳ ಬುಡಕ್ಕೆ ಜಲ್ಲಿಯನ್ನು ಹೊದಿಸಿದರೆ ಕೆಸರೂ ಇಲ್ಲ, ನೀರಿಗೆ ಇಂಗುವ ದಾರಿಯೂ ಉಂಟು. ಸಾವಿರ ಅಡಿಯ ಕೆಳಗೆ ನೀರನ್ನು ಹುಡುಕುವ ಊರಿನವರು ತಮ್ಮ ಬಾಗಿಲಿಗೆ ಬಂದ ನೀರನ್ನು ಹೊರಕ್ಕೆ ಅಟ್ಟುವುದು ವಿವೇಕವೆನಿಸದು.

ನಮ್ಮ ಮಾತಿನಲ್ಲಿ ಸಂಶಯವುಳ್ಳವರು ಒಂದು ಸುಲಭವಾದ ಪರೀಕ್ಷೆಯನ್ನು ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಕುಂಡಗಳಿಗೆ ತಳದ ರಂಧ್ರವನ್ನು ಮುಚ್ಚಿ, ಒಂದೇ ಮಣ್ಣನ್ನು ಸಮನಾಗಿ ತುಂಬಿ, ಸಮನಾಗಿ ನೀರೆರೆಯಿರಿ. ಒಂದರ ಮೇಲೆ ಎರಡಂಗುಲ ಜಲ್ಲಿ ಹರಡಿ, ಎರಡನ್ನೂ ಬಿಸಿಲಿನಲ್ಲಿಡಿ. ಪ್ರತಿದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ತೂಕ ಕಡಮೆಯಾದಷ್ಟೂ ನೀರು ಹೋಯಿತೆಂದು ಲೆಕ್ಕ. ಮಕ್ಕಳಿರುವ ಮನೆಯಲ್ಲಿ ಬರೆದಿಡುವ ಕೆಲಸವನ್ನು ಅವರಿಗೆ ಒಪ್ಪಿಸಿದರೆ, ಒಂದು ವಾರದಲ್ಲಿ ಅವರೇ ನಿಮಗೆ ಪಾಠ ಹೇಳುತ್ತಾರೆ.

ನಮ್ಮ ನಿಂಬೆಯ ಗಿಡ ಹೋದ ಜಾಗದಲ್ಲಿ ಮತ್ತೊಂದನ್ನು ನೆಟ್ಟು, ಈ ಸಲ ಜಲ್ಲಿಯನ್ನು ತೊಳೆದು, ಬುಡವನ್ನು ಬಿಟ್ಟು ಹೊದಿಸಿದೆವು. ಹಿಂದೆ ದಿನ ಬಿಟ್ಟು ದಿನ ಎರೆಯುತ್ತಿದ್ದ ನೀರನ್ನು ಈಗ ಬೇಸಗೆಯಲ್ಲಿಯೂ ನಾಲ್ಕೈದು ದಿನಕ್ಕೊಮ್ಮೆ ಎರೆಯುತ್ತೇವೆ. ಕಳೆದ ಯುಗಾದಿಯಲ್ಲಿ ಮೊದಲ ಕಾಯಿಗಳು ಬಂದುವು. ಒಂದು ಪಾಲನ್ನು ನೆರೆಯ ಅಜ್ಜಿಯವರಿಗೆ ಕಳುಹಿಸಿದೆವು. ಅವರು ಬುಟ್ಟಿಯನ್ನು ಹಿಂದಿರುಗಿಸುವಾಗ ತಮ್ಮ ಕರಿಬೇವಿನ ಗಿಡಕ್ಕೆ ಎರಡು ಬಾಂಡ್ಲಿ ಜಲ್ಲಿ ಮಿಕ್ಕಿದೆಯೇ ಎಂದು ಕೇಳಿ ಕಳುಹಿಸಿದರು. ಮಿಕ್ಕಿತ್ತು, ತೊಳೆದು ಕೊಟ್ಟೆವು.